ಇಳಕಲ್ ಸೀರೆಗೂ ಇಳಕಲ್ ಕಲ್ಲಿಗೂ ಒಂದೇ ಪೋಲರೈಸರ್ ಫಿಲ್ಟರ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಇಳಕಲ್‌ನಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ಪಾಸ್‌ಪೋರ್ಟ್ ಸೈಜು, ಶಾಲೆಯ ಗ್ರೂಪ್ ಫೋಟೊ ಎಲ್ಲ ಮಾಡುತ್ತೇವೆ. ಆದರೆ ಈಗ ಕೆಲವು ವರ್ಷದಿಂದ ಮನೆ ನಡೆಸುತ್ತಿರುವುದು ಬೇರೆ ಎರಡು ಕೆಲಸ. ವಾಟ್ಸಾಪ್‌ನಲ್ಲಿ ಸೀರೆ ಮಾರುವ ನೇಕಾರರಿಗೆ ಸೀರೆಯ ಫೋಟೊ ತೆಗೆದು ಕೊಡುತ್ತೇನೆ. ಗ್ರಾನೈಟ್ ಫ್ಯಾಕ್ಟರಿಯವರಿಗೆ ಪಾಲಿಶ್ ಆದ ಸ್ಲ್ಯಾಬಿನ ಫೋಟೊ ತೆಗೆದು ಕೊಡುತ್ತೇನೆ. ಎರಡೂ ನಮ್ಮ ಊರಿನ ಹೆಸರು ಹೊತ್ತ ಮಾಲು. ಎರಡರಲ್ಲೂ ನನಗಿದ್ದ ತೊಂದರೆ ಒಂದೇ. ಹೊಳಪು.

ಗಿಣಿ ಹಸಿರು ಸೀರೆಯನ್ನು ಕಿಟಕಿ ಪಕ್ಕ ಹರವಿ ಫೋಟೊ ತೆಗೆದರೆ ಮಡಿಕೆ ಮೇಲೆಲ್ಲ ತೆಳ್ಳಗೆ ಸುಣ್ಣ ಬಳಿದಂತೆ ಬರುತ್ತಿತ್ತು. ದಾಳಿಂಬೆ ಕೆಂಪು ಸೆರಗು ಗುಲಾಬಿಯಾಗಿ ಕಾಣುತ್ತಿತ್ತು. ಸೀರೆ ಕೈಗೆ ಬಂದ ಮೇಲೆ ಕೊಂಡವರು "ಬಣ್ಣ ಬೇರೆ ಇದೆ" ಅಂತ ವಾಪಸ್ ಕಳಿಸುತ್ತಿದ್ದರು. ನಷ್ಟ ಆಗುತ್ತಿದ್ದುದು ನೇಕಾರರಿಗೆ. ಅದು ನನಗೆ ಬಹಳ ಚುಚ್ಚುತ್ತಿತ್ತು. ಕಂಪ್ಯೂಟರ್‌ನಲ್ಲಿ ಬಣ್ಣ ಏರಿಸಿ ನೋಡಿದೆ. ಆಗ ಹೊಳಪು ಬಿದ್ದ ಜಾಗ ಬಿಳಿಯಾಗಿಯೇ ಉಳಿದು, ಉಳಿದ ಸೀರೆ ಕಣ್ಣಿಗೆ ಹೊಡೆಯುವ ಹಾಗೆ ಆಯಿತು. ಯಾಕೆ ಅಂದರೆ, ಹೊಳಪು ಬಿದ್ದ ಕಡೆ ನೂಲಿನ ಬಣ್ಣ ಕ್ಯಾಮೆರಾಕ್ಕೆ ಸರಿಯಾಗಿ ತಲುಪಿರುವುದೇ ಇಲ್ಲ. ಬರದೇ ಇದ್ದ ಬಣ್ಣವನ್ನು ಆಮೇಲೆ ಎಲ್ಲಿಂದ ತರುವುದು, ಅಲ್ವಾ?

ಹಾಗಾಗಿ ಪೋಲರೈಸರ್ ಫಿಲ್ಟರ್ ಕೊಂಡೆ, ಅಂದರೆ ಲೆನ್ಸಿನ ಮುಂದೆ ಹಾಕಿ ತಿರುಗಿಸುವ, ಹೊಳಪು ತಗ್ಗಿಸುವ ಗಾಜು. ಅಂಗಡಿಯಲ್ಲಿ ಸಿಪಿಎಲ್ ಅಂತ ಕೇಳಿದರೆ ಕೊಡುತ್ತಾರೆ. ನಾನು ಬಳಸುತ್ತಿರುವುದರ ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ಗುಣವೂ ಕೊರತೆಯೂ ಯಾವುದೇ ಒಳ್ಳೆಯ ಪೋಲರೈಸರ್‌ಗೆ ಹೊಂದುತ್ತವೆ.

ಮೊದಲು ಆನ್‌ಲೈನ್‌ನಲ್ಲಿ 350 ರೂಪಾಯಿಗೆ ಒಂದು ತರಿಸಿದ್ದೆ. ಡಬ್ಬಿ ಚೆನ್ನಾಗಿತ್ತು. ಲೆನ್ಸಿಗೆ ಹಾಕಿ ತಿರುಗಿಸಿದರೆ ಫೋಟೊ ಸ್ವಲ್ಪ ಕಪ್ಪಾಯಿತು, ಸ್ವಲ್ಪ ಹಳದಿಯಾಯಿತು, ಹೊಳಪು ಮಾತ್ರ ಇದ್ದಲ್ಲೇ ಇತ್ತು. ನನಗೇ ಬಳಸಲು ಬರುತ್ತಿಲ್ಲವೇನೋ ಅಂತ ಎರಡು ವಾರ ಒದ್ದಾಡಿದೆ. ಆಮೇಲೆ ಹುಬ್ಬಳ್ಳಿಗೆ ಹೋದಾಗ ಒಂದು ಕ್ಯಾಮೆರಾ ಅಂಗಡಿಗೆ ಅದನ್ನೇ ತೆಗೆದುಕೊಂಡು ಹೋದೆ. ಅಲ್ಲಿದ್ದ ಹಿರಿಯರು ಏನೂ ಮಾತಾಡದೆ ಲೆಕ್ಕ ಮಾಡುವ ಕ್ಯಾಲ್ಕುಲೇಟರನ್ನು ನನ್ನ ಮುಂದಿಟ್ಟರು. ಅದರ ಪರದೆ ಮೇಲೆ ನನ್ನ ಫಿಲ್ಟರ್ ಹಿಡಿದು ತಿರುಗಿಸಿದರು. ಅಂಕಿಗಳು ಹಾಗೇ ಕಾಣುತ್ತಿದ್ದವು. ಆಮೇಲೆ ತಮ್ಮ ಅಂಗಡಿಯದೊಂದನ್ನು ಹಿಡಿದು ತಿರುಗಿಸಿದರು. ಕಾಲು ಸುತ್ತು ತಿರುಗುವಷ್ಟರಲ್ಲಿ ಇಡೀ ಪರದೆ ಕಾಡಿಗೆಯಂತೆ ಕಪ್ಪಾಯಿತು. "ಇದು ನೋಡ್ರಿ ಅಕ್ಕಾರ, ಇದಕ್ಕ ಪೋಲರೈಸರ್ ಅಂತಾರ" ಅಂದರು.

ಈ ಪರೀಕ್ಷೆಯನ್ನು ಕೊಳ್ಳುವವರೆಲ್ಲ ಮಾಡಲೇಬೇಕು. ಕ್ಯಾಲ್ಕುಲೇಟರಿನ ಎಲ್‌ಸಿಡಿ ಪರದೆ ಮೇಲೆ ಆಗಲೇ ಒಂದು ಪೋಲರೈಸರ್ ಹಾಳೆ ಅಂಟಿಸಿರುತ್ತಾರೆ. ಅಲ್ಲಿಂದ ಹೊರಬರುವ ಬೆಳಕು ಒಂದೇ ದಿಕ್ಕಿಗೆ ತುಯ್ಯುವ ಬೆಳಕು (ಹಾಗಂದರೆ ಏನು ಅಂತ ಮುಂದೆ ಹೇಳುತ್ತೇನೆ). ನಮ್ಮ ಫಿಲ್ಟರ್ ಅದಕ್ಕೆ ಅಡ್ಡ ಬಂದಾಗ ಬೆಳಕು ನಿಂತುಹೋಗಬೇಕು. ನಿಲ್ಲದಿದ್ದರೆ ಅದು ಬರೀ ಬಣ್ಣದ ಗಾಜು. ಒಂದು ಎಚ್ಚರಿಕೆ, ಫಿಲ್ಟರಿನ ಹೊರಮುಖ, ಅಂದರೆ ಲೆನ್ಸಿಗೆ ಹಾಕಿದಾಗ ಎದುರಿಗೆ ಬರುವ ಬದಿ, ಪರದೆ ಕಡೆಗೆ ಇರಬೇಕು. ತಿರುವಿ ಹಿಡಿದರೆ ಒಳ್ಳೆಯ ಫಿಲ್ಟರೂ ಕಪ್ಪಾಗುವುದಿಲ್ಲ. ನನ್ನದನ್ನು ಅವರು ಎರಡೂ ಬದಿ ಹಿಡಿದು ನೋಡಿದರು. ಅದು ಕಪ್ಪಾಗಲೇ ಇಲ್ಲ.

ನನ್ನ 18-135 ಜೂಮ್ ಲೆನ್ಸಿನ ಬಾಯಿ 67 ಮಿಲಿಮೀಟರ್. ಆ ಅಳತೆಯದಕ್ಕೆ 2,900 ರೂಪಾಯಿ ಕೊಟ್ಟೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅಷ್ಟು ದುಡ್ಡು ಒಂದು ಗಾಜಿಗೆ ಹಾಕಿದೆನಲ್ಲ ಅಂತ ದಾರಿಯುದ್ದಕ್ಕೂ ಅಳುಕಿತ್ತು. ಮರುದಿನ ಬೆಳಿಗ್ಗೆ ಆ ಗಿಣಿ ಹಸಿರು ಸೀರೆಯ ಮೇಲೆ ಅದನ್ನು ತಿರುಗಿಸಿದಾಗ ಅಳುಕು ಹೋಯಿತು. ಸುಣ್ಣ ಬಳಿದಂತಿದ್ದ ಪದರ ನನ್ನ ಕಣ್ಣೆದುರೇ ಕರಗಿತು. ಕೆಳಗಿಂದ ಹಸಿರು ಎದ್ದು ಬಂತು. ಸೆರಗಿನ ತೋಪು ತೆನೆ ವಿನ್ಯಾಸದ ಬಿಳಿ ಮೊನೆಗಳು ಕೆಂಪಿನ ಮೇಲೆ ಒಂದೊಂದಾಗಿ ಎಣಿಸುವ ಹಾಗೆ ಕಂಡವು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನನ್ನ ಮಾವನಿಗೆ ಮಗ್ಗ ತೋರಿಸಿಯೇ ಹೇಳಿದೆ. ಎರಡು ಗಾಜಿನ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಒಂದೇ ಕಡೆಗೆ ಎಳೆದು ಹಿಗ್ಗಿಸಿ ಅಯೋಡಿನ್ ಹಿಡಿಸಿರುತ್ತಾರೆ. ಎಳೆದಾಗ ಅದರೊಳಗಿನ ಅಣುಗಳ ಸರಪಳಿಗಳು ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಂತೆ ಸಾಲಾಗಿ ನಿಲ್ಲುತ್ತವೆ. ಹಾಸು ಮಾತ್ರ, ಹೊಕ್ಕು ಇಲ್ಲ. ಬೆಳಕು ಮುಂದೆ ಸಾಗುವಾಗ ತನ್ನ ದಾರಿಗೆ ಅಡ್ಡವಾಗಿ ತುಯ್ಯುತ್ತಿರುತ್ತದೆ. ಬಿಸಿಲಿನಲ್ಲಿ ಈ ತುಯ್ತ ಎಲ್ಲ ದಿಕ್ಕಿಗೂ ಇರುತ್ತದೆ. ಎಳೆಯ ಉದ್ದಕ್ಕೆ ತುಯ್ಯುವ ಬೆಳಕನ್ನು ಆ ಸರಪಳಿಗಳು ನುಂಗುತ್ತವೆ. ಎಳೆಗೆ ಅಡ್ಡಲಾಗಿ ತುಯ್ಯುವುದು ಪಾರಾಗಿ ಬರುತ್ತದೆ. ಹಣಿಗೆಯ ಸಂದಿಯಲ್ಲಿ ನೂಲು ತೂರಿದ ಹಾಗೆ ಅಂತ ಎಷ್ಟೋ ಕಡೆ ಹೇಳುತ್ತಾರೆ. ನಿಜದಲ್ಲಿ ಅದಕ್ಕೆ ಉಲ್ಟಾ. ಮಾವ ಇದನ್ನು ಎರಡು ಸಲ ಕೇಳಿಸಿಕೊಂಡು "ಅಂದ್ರ ಹಾಸಿನ ಗುಂಟ ಬಂದದ್ದು ಹಾಸಿನಾಗ ಅಡಗತದ" ಅಂದರು. ಅದೇ ಸರಿ.

ಇನ್ನು ಹೊಳಪಿನ ವಿಷಯ. ಗಾಜು, ನೀರು, ಕಲ್ಲು, ರೇಷ್ಮೆ ಇಂಥವುಗಳ ಮೇಲೆ ಬೆಳಕು ಓರೆಯಾಗಿ ಬಿದ್ದು ಚಿಮ್ಮಿದಾಗ, ಚಿಮ್ಮಿದ ಬೆಳಕಿನ ತುಯ್ತ ಹೆಚ್ಚಾಗಿ ಒಂದೇ ದಿಕ್ಕಿಗೆ ತಿರುಗಿಕೊಳ್ಳುತ್ತದೆ. ಇದನ್ನು ಮೊದಲು ಕಂಡವರು ಫ್ರಾನ್ಸಿನ ಮಾಲು ಎಂಬ ವಿಜ್ಞಾನಿ. 1808ರಲ್ಲಿ ಪ್ಯಾರಿಸ್‌ನ ಅರಮನೆಯೊಂದರ ಕಿಟಕಿ ಗಾಜಿನಲ್ಲಿ ಇಳಿಬಿಸಿಲು ಹೊಳೆಯುವುದನ್ನು ಒಂದು ಹರಳಿನ ಮೂಲಕ ನೋಡಿದರು. ಹರಳು ತಿರುಗಿಸಿದಂತೆ ಹೊಳಪು ಏರಿತು, ಇಳಿಯಿತು. 1815ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಬ್ರೂಸ್ಟರ್ ಅದಕ್ಕೆ ಲೆಕ್ಕ ಕೊಟ್ಟರು. ಇಂಥ ಪ್ರತಿ ವಸ್ತುವಿಗೂ ಒಂದು ಓರೆ ಇದೆ. ಆ ಓರೆಯಲ್ಲಿ ಚಿಮ್ಮಿದ ಬೆಳಕು ಪೂರ್ತಿ ಒಂದೇ ದಿಕ್ಕಿನದು. ಅಲ್ಲಿ ನಿಂತು ಫಿಲ್ಟರ್ ತಿರುಗಿಸಿದರೆ ಹೊಳಪು ಪೂರಾ ಹೋಗುತ್ತದೆ. ನೀರಿಗಾದರೆ ನೀರಿನ ಮೈಯಿಂದ ಸುಮಾರು 37 ಡಿಗ್ರಿ ಮೇಲಿಂದ ನೋಡಬೇಕು. ಗಾಜಿಗೆ, ನಮ್ಮ ಗ್ರಾನೈಟಿಗೆ ಸುಮಾರು 33-34 ಡಿಗ್ರಿ.

ನಾನು ಈ ಬರಹ ಬರೆಯಲು ಕೂತದ್ದೇ ಇದನ್ನು ಹೇಳಲಿಕ್ಕೆ. ಫಿಲ್ಟರ್ ಯಾವುದು ಅನ್ನುವುದಕ್ಕಿಂತ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದೇ ದೊಡ್ಡದು. ತಪ್ಪು ಜಾಗದಲ್ಲಿ ನಿಂತರೆ 2,900 ರೂಪಾಯಿಯ ಫಿಲ್ಟರೂ ಆ 350ರದರ ಹಾಗೆಯೇ ನಡೆದುಕೊಳ್ಳುತ್ತದೆ.

ಕಲ್ಲಿನ ಫ್ಯಾಕ್ಟರಿಯಲ್ಲಿ ಇದನ್ನು ಕಷ್ಟಪಟ್ಟು ಕಲಿತೆ. ಅಲ್ಲಿ ಸ್ಲ್ಯಾಬನ್ನು ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿರುತ್ತಾರೆ. ಮಾಲೀಕರಿಗೆ ನೆಟ್ಟಗೆ ಎದುರಿನಿಂದ ತೆಗೆದ ಫೋಟೊ ಬೇಕು. ನಾನು ಎದುರಿಗೆ ನಿಂತೆ. ಕನ್ನಡಿಯಂಥ ಕೆಂಪು ಕಲ್ಲಿನಲ್ಲಿ ನಾನು, ನನ್ನ ಕ್ಯಾಮೆರಾ, ಹಿಂದಿನ ತಗಡಿನ ಶೆಡ್ಡು, ಎಲ್ಲ ಕಾಣುತ್ತಿತ್ತು. ಫಿಲ್ಟರ್ ಎಷ್ಟು ತಿರುಗಿಸಿದರೂ ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ. ನೇರವಾಗಿ ಹೋಗಿ ನೇರವಾಗಿ ಮರಳುವ ಬೆಳಕಿಗೆ ದಿಕ್ಕು ಹತ್ತುವುದಿಲ್ಲ. ಆ ದಿನ ಬರಿಗೈಯಲ್ಲಿ ವಾಪಸ್ ಬಂದೆ. ಈಗ ಎದುರಿನ ಫೋಟೊಕ್ಕೆ ನನ್ನ ಹಿಂದೆ ದೊಡ್ಡ ಕರಿ ಬಟ್ಟೆ ಕಟ್ಟಿ, ನಡುವಿನ ತೂತಿನಿಂದ ಲೆನ್ಸ್ ಹೊರಗಿಟ್ಟು ತೆಗೆಯುತ್ತೇನೆ. ಅಲ್ಲಿ ಫಿಲ್ಟರ್ ಬಿಚ್ಚಿಟ್ಟಿರುತ್ತೇನೆ. ಓರೆಯಿಂದ ತೆಗೆಯುವ ಎರಡನೇ ಫೋಟೊಕ್ಕೆ ಹಾಕುತ್ತೇನೆ. ಅಲ್ಲಿ ಅದರ ಕೆಲಸ ನೋಡಬೇಕು. ಮೇಲಿನ ಕನ್ನಡಿ ಸರಿದು ಕಲ್ಲಿನ ಒಳಗು ಕಾಣುತ್ತದೆ. ಕೆಂಪು ಕಾಳು, ನಡುನಡುವೆ ಬೂದು ಗಾಜಿನಂಥ ಕಾಳು, ಅಲ್ಲಲ್ಲಿ ಕಪ್ಪು ಚುಕ್ಕೆ. ಕೊಳ್ಳುವವರು ಕೇಳುವುದು ಈ ಕಾಳಿನ ಹರವನ್ನೇ. ಮಳೆಗಾಲದಲ್ಲಿ ಅಂಗಳದ ಕಲ್ಲು ಒದ್ದೆಯಾದಾಗ ಬಣ್ಣ ಗಾಢವಾಗಿ ಕಾಣುತ್ತದಲ್ಲ, ಹೆಚ್ಚುಕಡಿಮೆ ಅಷ್ಟೇ ಗಾಢ.

ಆದರೆ ಒಂದು ಕೊರತೆ ಇದೆ. ಫಿಲ್ಟರಿನ ತಿರುಗುವ ಬಳೆಯ ಸಂದಿಗೆ ಕಲ್ಲಿನ ಧೂಳು ಹೊಕ್ಕುತ್ತದೆ. ನಾಲ್ಕನೇ ತಿಂಗಳಿಗೇ ಗರಗರ ಅನ್ನತೊಡಗಿತು. ಒಮ್ಮೆ ಲೆನ್ಸಿಗೇ ಬಿಗಿದುಕೊಂಡು ಬಿಚ್ಚಲು ಬರಲಿಲ್ಲ. ಬೆರಳಿನಿಂದ ಜೋರಾಗಿ ಒತ್ತಿ ತಿರುಗಿಸಿದರೆ ಬಳೆ ಸೊಟ್ಟಗಾಗಿ ಇನ್ನೂ ಬಿಗಿಯುತ್ತದೆ. ಅಗಲವಾದ ರಬ್ಬರ್ ಬ್ಯಾಂಡನ್ನು ಬಳೆಯ ಸುತ್ತ ಹಾಕಿ ಹಗುರಾಗಿ ತಿರುಗಿಸಿದೆ, ಬಿಚ್ಚಿತು. ಈಗ ಫ್ಯಾಕ್ಟರಿಯಿಂದ ಬಂದ ತಕ್ಷಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯುತ್ತೇನೆ. ಬೇಸಿಗೆಯಲ್ಲಿ ಅದನ್ನು ಕಾರಿನಲ್ಲಿ ಬಿಡುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರು ಒಲೆಯಾಗುತ್ತದೆ. ಒಳಗಿನ ಹಾಳೆ ಗಾಜಿನಿಂದ ಬಿಟ್ಟುಕೊಂಡರೆ ಫಿಲ್ಟರ್ ಅಲ್ಲಿಗೆ ಮುಗಿಯಿತು.

ಸೀರೆಯ ಕೆಲಸಕ್ಕೆ ಮರಳುತ್ತೇನೆ. ಅಲ್ಲಿ ನಾನೊಂದು ತಪ್ಪು ಮಾಡಿದೆ. ಹೊಳಪು ಪೂರಾ ಹೋಗುತ್ತದೆ ಅಂತ ಗೊತ್ತಾದ ಖುಷಿಯಲ್ಲಿ ಒಬ್ಬ ನೇಕಾರರ ನಲವತ್ತು ಸೀರೆಯನ್ನೂ ಹೊಳಪು ಪೂರ್ತಿ ಅಡಗಿಸಿ ತೆಗೆದೆ. ಬಣ್ಣ ಎಲ್ಲ ಪಕ್ಕಾ ಬಂದಿತ್ತು. ಕಳಿಸುವ ಮುಂಚೆ ನಮ್ಮ ಅತ್ತೆಗೆ ತೋರಿಸಿದೆ. ಅವರು ನಲವತ್ತು ವರ್ಷ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವರು. ಒಂದೊಂದೇ ನೋಡಿದರು. "ಬಣ್ಣ ಖರೇ ಐತವ್ವಾ. ಆದ್ರ ಇದು ರೇಷ್ಮಿ ಅಲ್ಲ, ಹತ್ತಿ ಆಗೇತಿ" ಅಂದರು.

ಅವರ ಮಾತು ನಿಜ. ರೇಷ್ಮೆಯ ಹೊಳಪು ಎಳೆಯ ನುಣುಪು ಮೈಯಿಂದ ಚಿಮ್ಮುವ ಬೆಳಕು. ಬಣ್ಣ ಎಳೆಯ ಒಳಗಿಂದ ಬರುವ ಬೆಳಕು. ಫಿಲ್ಟರ್ ಮೊದಲನೆಯದನ್ನು ತಡೆಯುತ್ತದೆ. ಪೂರ್ತಿ ತಡೆದರೆ ರೇಷ್ಮೆಗೂ ಹತ್ತಿಗೂ ಫೋಟೊದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ನಮ್ಮ ಸೀರೆಯ ಸೊಗಸು ಇರುವುದೇ ಅಲ್ಲಿ. ಮೈಗೆ ಹತ್ತಿ ಹಾಸು, ಸೆರಗಿಗೆ ರೇಷ್ಮೆ ಹಾಸು, ಎರಡನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಆ ಎರಡು ಬೇರೆ ಅಂತ ಕಣ್ಣಿಗೆ ಹೇಳುವುದು ಹೊಳಪೇ. ನಲವತ್ತನ್ನೂ ಮತ್ತೆ ತೆಗೆದೆ.

ಈಗಿನ ಪದ್ಧತಿ ಹೀಗಿದೆ. ಮೇಜು, ಕಿಟಕಿ, ಟ್ರೈಪಾಡ್ ಎಲ್ಲದರ ಜಾಗ ಗುರುತು ಮಾಡಿದ್ದೇನೆ. ಕ್ಯಾಮೆರಾ ಮೇಲಿಂದ ನೆಟ್ಟಗಲ್ಲ, ಕಿಟಕಿಯ ಎದುರು ಬದಿಯಿಂದ ಓರೆಯಾಗಿ. ಮೊದಲು ಹೊಳಪು ಪೂರ್ತಿ ಹೋಗುವ ತನಕ ತಿರುಗಿಸುತ್ತೇನೆ. ಆಮೇಲೆ ಸ್ವಲ್ಪ ಹಿಂದಕ್ಕೆ ಬರುತ್ತೇನೆ. ಎಷ್ಟು ಹಿಂದಕ್ಕೆ ಅನ್ನುವುದನ್ನು ಅತ್ತೆ ಹೇಳಿದರು. ಕ್ಯಾಮೆರಾದ ಪರದೆ ನೋಡುತ್ತ "ಇನ್ನಷ್ಟು, ಇನ್ನಷ್ಟು, ಹಾಂ, ಸಾಕು" ಅಂದರು. ಅಲ್ಲಿ ಬಳೆಯ ಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ. ಚಂದ್ರಕಾಳಿ ಅನ್ನುವ ಕಪ್ಪು ಸೀರೆಗೆ ಮಾತ್ರ ಚುಕ್ಕೆ ಬಿಟ್ಟು ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ. ಕಪ್ಪು ಸೀರೆಯಲ್ಲಿ ಹೊಳಪು ಕಡಿಮೆಯಾದರೆ ನೇಯ್ಗೆಯೇ ಕಾಣುವುದಿಲ್ಲ. ಫಿಲ್ಟರ್ ಬಂದ ಮೇಲೆ, ಈ ಹದಿನಾಲ್ಕು ತಿಂಗಳಲ್ಲಿ, ಬಣ್ಣ ಬೇರೆ ಅಂತ ವಾಪಸ್ ಬಂದ ಸೀರೆ ನನಗೆ ಗೊತ್ತಿದ್ದಂತೆ ಎರಡೇ.

ಜರಿ, ಬಂಗಾರ, ಹಿತ್ತಾಳೆ ಇವುಗಳ ಹೊಳಪನ್ನು ಫಿಲ್ಟರ್ ತೆಗೆಯುವುದಿಲ್ಲ. ಲೋಹದ ಮೇಲಿಂದ ಚಿಮ್ಮಿದ ಬೆಳಕು ಹಾಗೆ ಒಂದೇ ದಿಕ್ಕಿಗೆ ತಿರುಗುವುದಿಲ್ಲ. ಇದು ಕೊರತೆ ಅಂತ ಕೆಲವರು ಹೇಳುತ್ತಾರೆ. ನನಗೆ ಇದು ಅನುಕೂಲವೇ ಆಯಿತು. ಹೊರಗೆ ಮದುಮಗಳ ಫೋಟೊ ತೆಗೆದರೆ ಮುಖದ ಬೆವರಿನ ಮಿಂಚು ಕಡಿಮೆಯಾಗುತ್ತದೆ, ಕೊರಳಿನ ಬಂಗಾರ ಹಾಗೇ ಹೊಳೆಯುತ್ತದೆ. ಕಲ್ಯಾಣ ಮಂಟಪದ ಒಳಗೆ ಮಾತ್ರ ಬಿಚ್ಚಿಡಿ. ಫಿಲ್ಟರ್ ಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತದೆ. ಸೆಕೆಂಡಿನ 1/200ರಲ್ಲಿ ಬರುತ್ತಿದ್ದ ಫೋಟೊಕ್ಕೆ 1/60 ಬೇಕಾಗುತ್ತದೆ. ಅಕ್ಷತೆ ಹಾಕುವ ಕೈಗಳೆಲ್ಲ ಅಲುಗಿ ಹೋಗುತ್ತವೆ.

ಊರ ಹೊರಗಿನ ಕೆಲಸಕ್ಕೂ ಒಯ್ಯುತ್ತೇನೆ. ಆಕಾಶದ ಬೆಳಕಿಗೂ ದಿಕ್ಕು ಇದೆ. ಗಾಳಿಯ ಅಣುಗಳಿಗೆ ಬಡಿದು ಚದುರಿದ ಬೆಳಕು, ಸೂರ್ಯನಿಂದ 90 ಡಿಗ್ರಿ ಆಚೆ ಇರುವ ಆಕಾಶದಲ್ಲಿ ಅತಿ ಹೆಚ್ಚು ಒಂದೇ ದಿಕ್ಕಿನದಾಗಿರುತ್ತದೆ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಅಡ್ಡ ಹಿಡಿದು ಕೈ ತಿರುಗಿಸಿ. ಹೆಬ್ಬೆರಳು ಎಲ್ಲೆಲ್ಲಿ ತೋರಿಸುತ್ತದೋ ಅಲ್ಲೆಲ್ಲ ಫಿಲ್ಟರ್ ಆಕಾಶವನ್ನು ಕಡುನೀಲಿ ಮಾಡುತ್ತದೆ. ಐಹೊಳೆಯ ದುರ್ಗಾ ಗುಡಿಯನ್ನೇ ತೆಗೆದುಕೊಳ್ಳಿ. ಗುಡಿಯ ಮುಖ ಪೂರ್ವಕ್ಕೆ. ಬೆಳಿಗ್ಗೆ ಅದರ ಎದುರಿಗೆ ನಿಂತರೆ ಸೂರ್ಯ ನಮ್ಮ ಬೆನ್ನಿಗೆ ಇರುತ್ತಾನೆ, ಫಿಲ್ಟರಿನಿಂದ ಆಕಾಶಕ್ಕೆ ಏನೂ ಆಗುವುದಿಲ್ಲ. ಸುಮ್ನೆ ಬೆಳಕು ದಂಡ. ದಕ್ಷಿಣದ ಬದಿಗೆ ಬಂದು ಉತ್ತರಕ್ಕೆ ಮುಖ ಮಾಡಿ. ಡಿಸೆಂಬರಿನ ಬೆಳಗಿನಲ್ಲಿ ಗುಡಿಯ ಗುಂಡು ಹಿಂಬದಿ, ಕಂಬಸಾಲು, ಅದರ ಮೇಲೆ ಗಾಢ ನೀಲಿ, ಮೋಡವಿದ್ದರೆ ಅರಳೆಯ ಹಾಗೆ ಬಿಳಿ. ಮೋಡದ ಬೆಳಕಿಗೆ ಒಂದೇ ದಿಕ್ಕು ಇರುವುದಿಲ್ಲ, ಹಾಗಾಗಿ ಅದು ಕಪ್ಪಾಗುವುದಿಲ್ಲ. ಲೆನ್ಸನ್ನು 18ಕ್ಕೆ ಪೂರ್ತಿ ಅಗಲ ಮಾಡಬೇಡಿ. ಆಕಾಶದ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಎರಡೂ ಬದಿ ತಿಳಿಯಾಗಿ, ಕೊಳೆ ಹತ್ತಿದಂತೆ ಕಾಣುತ್ತದೆ. ನಾನು 35ರ ಆಸುಪಾಸಿನಲ್ಲಿ ತೆಗೆಯುತ್ತೇನೆ.

ಮೇ ತಿಂಗಳಲ್ಲಿ ಆಕಾಶದ ಆಸೆ ಬಿಡಿ. ಮೊದಲ ವಾರದಲ್ಲಿ ನಡುಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ. ಆಗ 90 ಡಿಗ್ರಿ ಅಂದರೆ ಸುತ್ತಲೂ ದಿಗಂತ. ಅಲ್ಲಿರುವುದು ಬರೀ ಧೂಳು.

ಒಂದು ಸಂಜೆ ಹುನಗುಂದದ ರಸ್ತೆಯಲ್ಲಿ ಮಳೆ ನಿಂತು ಕಾಮನಬಿಲ್ಲು ಮೂಡಿತ್ತು. ಜೊತೆಗಿದ್ದ ಮಗನಿಗೆ ಫಿಲ್ಟರ್ ಕೊಟ್ಟೆ. ಅವನು ಕಣ್ಣಿಗೆ ಹಿಡಿದು ತಿರುಗಿಸಿ "ಮಮ್ಮಿ, ಬಿಲ್ಲಿನ ತಲಿ ಹೋತು!" ಅಂತ ಕೂಗಿದ. ಇನ್ನೊಂದು ಕಡೆ ತಿರುಗಿಸಿದರೆ ತಲೆ ಬಂತು, ಎರಡೂ ಕಾಲು ಮಸುಕಾದವು. ಮಳೆಹನಿಯ ಒಳಗೆ ಬೆಳಕು ಚಿಮ್ಮುವುದೂ ಬ್ರೂಸ್ಟರ್ ಹೇಳಿದ ಓರೆಗೆ ಬಹಳ ಹತ್ತಿರ. ಹಾಗಾಗಿ ಬಿಲ್ಲಿನ ಬೆಳಕು ಬಿಲ್ಲಿನ ಬಾಗನ್ನೇ ಅನುಸರಿಸಿ ತುಯ್ಯುತ್ತದೆ. ಕಾಮನಬಿಲ್ಲಿನ ಫೋಟೊ ತೆಗೆಯುವಾಗ ಫಿಲ್ಟರ್ ಹಾಕಿದ್ದು ಮರೆತರೆ ಬಿಲ್ಲೇ ಕೈತಪ್ಪಬಹುದು. ಸರಿಯಾಗಿ ತಿರುಗಿಸಿದರೆ ಬೇಕಾದ ಕಡೆ ಅದು ಇನ್ನೂ ಎದ್ದು ಕಾಣುತ್ತದೆ.

ಕೂಡಲಸಂಗಮದ ನೀರಿನ ಮೇಲೆ ಇದನ್ನು ತಿರುಗಿಸಿದ ದಿನ ನನಗೆ ಮರೆಯುವುದಿಲ್ಲ. ಜನವರಿ, ನೀರು ತಿಳಿಯಾಗಿತ್ತು. ಮೆಟ್ಟಿಲ ಮೇಲೆ ನಿಂತು ನೋಡಿದರೆ ಹೊಳೆ ಪೂರ್ತಿ ಆಕಾಶದ ಬಣ್ಣ. ಫಿಲ್ಟರ್ ತಿರುಗಿದಂತೆ ಆಕಾಶ ನೀರಿನಿಂದ ಎದ್ದುಹೋಯಿತು. ಅಡಿಯ ಮೆಟ್ಟಿಲು, ಪಾಚಿ, ನೀರಿನದೇ ಆದ ಹಸಿರು ಕಂಡಿತು. ಸಿ.ವಿ. ರಾಮನ್ ಮಾಡಿದ್ದೂ ಇದನ್ನೇ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಸಮುದ್ರ ಯಾಕೆ ನೀಲಿ ಅಂತ ಯೋಚಿಸಿದರು. ಅದು ಆಕಾಶದ ಪ್ರತಿಬಿಂಬ ಅಂತ ಆಗ ದೊಡ್ಡ ವಿಜ್ಞಾನಿಗಳೇ ಹೇಳಿದ್ದರು. ರಾಮನ್ ಒಂದು ನಿಕೋಲ್ ಪಟ್ಟಕವನ್ನು, ಅಂದರೆ ಆ ಕಾಲದ ಪೋಲರೈಸರನ್ನು, ಸರಿಯಾದ ಓರೆಯಲ್ಲಿ ಹಿಡಿದು ಆ ಪ್ರತಿಬಿಂಬವನ್ನು ಅಳಿಸಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಬೆಳಕನ್ನು ಚದುರಿಸುತ್ತಿರುವುದು ನೀರೇ ಅಂತ ತೋರಿಸಿದರು. ಆ ದಾರಿಯಲ್ಲೇ ನಡೆದು 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮಕ್ಕೆ ಮುಟ್ಟಿದರು. 1930ರಲ್ಲಿ ನೊಬೆಲ್ ಬಂತು. ನನ್ನ ಬ್ಯಾಗಿನಲ್ಲಿರುವ ಗಾಜು ಅಂಥದೇ ಕೆಲಸ ಮಾಡುತ್ತದೆ ಅಂತ ತಿಳಿದು ಆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ.

ಕೊಳ್ಳುವವರಿಗೆ ಇನ್ನೆರಡು ಮಾತು. ಲೆನ್ಸಿನ ಮುಂದೆ ಅಥವಾ ಮುಚ್ಚಳದ ಒಳಗೆ ಒಂದು ಸೊನ್ನೆಗೆ ಗೀಟು ಹಾಕಿದ ಗುರುತಿನ ಪಕ್ಕ ಅದರ ಬಾಯಿಯ ಅಳತೆ ಇರುತ್ತದೆ, ಅದನ್ನು ಬರೆದುಕೊಂಡು ಹೋಗಿ. ಎರಡು ಲೆನ್ಸ್ ಇದ್ದರೆ ದೊಡ್ಡದರ ಅಳತೆಯದನ್ನೇ ಕೊಂಡು, ಚಿಕ್ಕದಕ್ಕೆ ಹೊಂದಿಸುವ ಬಳೆ ತೆಗೆದುಕೊಳ್ಳಿ. ನಾನು ಹಾಗೆ ಮಾಡಿ 58 ಮಿಲಿಮೀಟರ್ ಬಾಯಿಯ ಲೆನ್ಸಿಗೂ ಇದನ್ನೇ ಹಾಕುತ್ತೇನೆ. ಕ್ಯಾಲ್ಕುಲೇಟರನ್ನು ಮನೆಯಿಂದಲೇ ಒಯ್ಯಿರಿ.

ನಾಳೆ ಹದಿನೆಂಟು ಸೀರೆ ಬರಲಿವೆ, ಅದರಲ್ಲಿ ನಾಲ್ಕು ಚಂದ್ರಕಾಳಿ. ಆ ನಾಲ್ಕಕ್ಕೂ ಅತ್ತೆಯನ್ನೇ ಕೂರಿಸಿಕೊಳ್ಳುತ್ತೇನೆ. ಕಪ್ಪು ಸೀರೆಯ ಚುಕ್ಕೆ ಎಲ್ಲಿಡಬೇಕು ಅನ್ನುವುದು ಇನ್ನೂ ನಿಶ್ಚಯವಾಗಿಲ್ಲ.